ರಾಬರ್ಟ್ ಬಾಷ್

ರಾಬರ್ಟ್ ಬಾಷ್ (ಸೆಪ್ಟೆಂಬರ್ 23, 1861 – ಮಾರ್ಚ್ 12, 1942) ಜರ್ಮನಿಯ ಪ್ರಸಿದ್ಧ ಉದ್ಯಮಿ ಹಾಗೂ ದಾನಿ. ಮೋಟಾರು ವಾಹನಗಳ ಎಂಜಿನ್‌ಗಳಲ್ಲಿ ಇಂಧನವನ್ನು ವಿದ್ಯುತ್ ಕಿಡಿಯಿಂದ ಹೊತ್ತಿಸುವ ವ್ಯವಸ್ಥೆಯನ್ನು ವಿಶ್ವಾಸಾರ್ಹವಾಗಿ ರೂಪಿಸಿ ಜಗತ್ತಿನಾದ್ಯಂತ ಪ್ರಚುರಪಡಿಸಿದ ಕೀರ್ತಿ ಇವರ ಕಾರ್ಖಾನೆಗೆ ಸಲ್ಲುತ್ತದೆ. 1902ರಲ್ಲಿ ಇವರ ಸಹೋದ್ಯೋಗಿ ಗಾಟ್ಲೋಬ್ ಹೊನೋಲ್ಡ್ ಅವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ಅನ್ನೂ ಸಿದ್ಧಪಡಿಸಿದರು. ಕಾರ್ಮಿಕರಿಗೆ ದಿನಕ್ಕೆ 8 ಗಂಟೆಗಳ ದುಡಿಮೆಯನ್ನು ಜರ್ಮನಿಯಲ್ಲಿ ಮೊದಲಿಗೆ ಜಾರಿಗೆ ತಂದ ಮಾಲೀಕರಲ್ಲಿ ಬಾಷ್ ಒಬ್ಬರು.

ಜನನ ಮತ್ತು ಬಾಲ್ಯ

ಬಾಷ್ ಅವರು ಅಂದಿನ ವುರ್ಟೆಂಬರ್ಗ್ ರಾಜ್ಯದ ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೆರಡು ಮಕ್ಕಳ ಕುಟುಂಬದಲ್ಲಿ ಇವರು ಹನ್ನೊಂದನೆಯವರು. ತಂದೆ ಸರ್ವೇಷಿಯಸ್ ಬಾಷ್ ಕೃಷಿಕರಾಗಿದ್ದು, ದಾರಿಹೋಕರು ತಂಗುವ ಒಂದು ಛತ್ರವನ್ನೂ ನಡೆಸುತ್ತಿದ್ದರು. ಆ ಪ್ರದೇಶದ ಸಾಮಾನ್ಯ ರೈತರಿಗಿಂತ ಅವರು ಅನುಕೂಲಸ್ಥರಾಗಿದ್ದರು; ಉದಾರ ವಿಚಾರಗಳನ್ನು ಮೆಚ್ಚುತ್ತಿದ್ದ ಅವರು ಮಕ್ಕಳ ವಿದ್ಯಾಭ್ಯಾಸಕ್ಕೆ ಮಹತ್ವ ಕೊಟ್ಟರು. 1869ರಲ್ಲಿ ಆಸ್ತಿಯನ್ನು ಮಾರಿ ಕುಟುಂಬವು ಉಲ್ಮ್‌ಗೆ ಬಂದು ನೆಲೆಸಿತು.

ಉಲ್ಮ್‌ನ ಶಾಲೆಯಲ್ಲಿ 1876ರವರೆಗೆ ಓದಿದ ಬಾಲಕ ಬಾಷ್ ಅನಂತರ ಅದೇ ಊರಿನ ಸೂಕ್ಷ್ಮಯಂತ್ರಗಳ ಕುಶಲಕರ್ಮಿಯೊಬ್ಬರ ಬಳಿ ಮೂರು ವರ್ಷ ಕೆಲಸ ಕಲಿಯಲು ಸೇರಿದರು. ಗುರುವಿನಿಂದ ದೊರೆತ ತರಬೇತಿ ಅವರಿಗೆ ತೃಪ್ತಿ ತರಲಿಲ್ಲ. ಮುಂದೆ ತಾವೇ ಮಾಲೀಕರಾದಾಗ ಎಳೆಯ ಕೆಲಸಗಾರರ ಶಿಕ್ಷಣಕ್ಕೆ ಅವರು ವಿಶೇಷ ಗಮನ ಕೊಟ್ಟದ್ದರ ಹಿಂದೆ ಈ ಅನುಭವವಿದೆ ಎಂದು ಭಾವಿಸಲಾಗುತ್ತದೆ.

ದೇಶ ಸುತ್ತಿ ಕಲಿತದ್ದು

ತರಬೇತಿ ಮುಗಿದ ಮೇಲೆ ಬಾಷ್ ಜರ್ಮನಿಯ ಹಲವು ನಗರಗಳ ಕಾರ್ಯಾಗಾರಗಳಲ್ಲಿ ದುಡಿದರು. ಉಲ್ಮ್‌ನಲ್ಲಿ ಒಂದು ವರ್ಷ ಸೈನಿಕ ಸೇವೆ ಸಲ್ಲಿಸಿದರು. 1883-84ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕೆಲಕಾಲ ಪಾಠಗಳನ್ನು ಕೇಳಿದರು. ಪದವಿ ಪಡೆಯುವ ಉದ್ದೇಶ ಅವರಿಗಿರಲಿಲ್ಲ. ವಿದ್ಯುತ್ ತಂತ್ರಜ್ಞಾನದ ಮೂಲತತ್ತ್ವಗಳ ಬಗೆಗಿದ್ದ ಅಂಜಿಕೆಯನ್ನು ಕಳೆದುಕೊಳ್ಳುವುದು ಅವರಿಗೆ ಬೇಕಾಗಿತ್ತು.

1884ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನಲ್ಲಿ ಥಾಮಸ್ ಆಲ್ವಾ ಎಡಿಸನ್ ಅವರಿಗೆ ಸಂಬಂಧಿಸಿದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಕಾರ್ಮಿಕರ ಅಭದ್ರ ಸ್ಥಿತಿಯನ್ನು ಕಂಡು, ಕಾರ್ಮಿಕ ಚಳವಳಿಯ ವಿಚಾರಗಳತ್ತ ಆಕರ್ಷಿತರಾದರು. ಮರುವರ್ಷ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಬ್ರದರ್ಸ್ ಸಂಸ್ಥೆಯಲ್ಲಿ ದುಡಿದು ಸ್ವದೇಶಕ್ಕೆ ಮರಳಿದರು.

ಕಾರ್ಯಾಗಾರದ ಸ್ಥಾಪನೆ

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಬಾಷ್ ಸ್ವಂತ ಕಾರ್ಯಾಗಾರವನ್ನು ತೆರೆದರು. ತಂದೆಯಿಂದ ಬಂದ ಪಿತ್ರಾರ್ಜಿತದಲ್ಲಿ 10,000 ಮಾರ್ಕ್ ಬಂಡವಾಳವಾಯಿತು. ಕೆಲಸಕ್ಕಿದ್ದವರು ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ಕೈಯಾಳು ಹುಡುಗ ಮಾತ್ರ. ಟೆಲಿಫೋನ್, ಕರೆಗಂಟೆ ಮುಂತಾದ ವಿದ್ಯುತ್ ಸಾಧನಗಳ ಜೋಡಣೆ ಹಾಗೂ ದುರಸ್ತಿ ಅಂದಿನ ಕಸುಬು. 1887ರ ಅಕ್ಟೋಬರ್‌ನಲ್ಲಿ ಅನ್ನಾ ಕೈಸರ್ ಅವರನ್ನು ವಿವಾಹವಾದರು.

ಮೊದಲ ಹತ್ತು ವರ್ಷಗಳು ಬಹಳ ಕಷ್ಟದ ದಿನಗಳು. ಬಂದ ಕೆಲಸ ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗುತ್ತಿತ್ತು. 1890ರ ದಶಕದ ಆರಂಭದಲ್ಲಿ ಬಹುಪಾಲು ಕೆಲಸಗಾರರನ್ನು ಬಿಡಬೇಕಾಯಿತು. ಬಂಧುಗಳ ನೆರವು ಮತ್ತು ಸಾಲದಿಂದ ಉದ್ಯಮ ಉಳಿಯಿತು. ಗಿರಾಕಿಗಳಲ್ಲಿಗೆ ಬಾಷ್ ಸ್ವತಃ ಬೈಸಿಕಲ್ ತುಳಿದು ಹೋಗುತ್ತಿದ್ದರು.

ಮ್ಯಾಗ್ನೆಟೊ ಮತ್ತು ಕಿಡಿಯ ಸಮಸ್ಯೆ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಆವಿ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನೊಳಗೆ ಒತ್ತಿ, ಸರಿಯಾದ ಕ್ಷಣದಲ್ಲಿ ಹೊತ್ತಿಸಬೇಕು. ಆ ಕಾಲದ ಅನೇಕ ವಾಹನಗಳಲ್ಲಿ ಇದಕ್ಕಾಗಿ ಜ್ವಾಲೆಯಿಂದ ಕಾಯಿಸಿದ ಕೊಳವೆಯನ್ನು ಬಳಸುತ್ತಿದ್ದರು. ಪೆಟ್ರೋಲಿನ ಪಕ್ಕದಲ್ಲೇ ಬೆಂಕಿ ಉರಿಯುವುದರಿಂದ ಅಪಾಯವಿತ್ತು. ಹೊತ್ತುವ ಕ್ಷಣವನ್ನು ನಿಯಂತ್ರಿಸುವುದೂ ಕಷ್ಟವಾಗಿತ್ತು. ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು.

1887ರಲ್ಲಿ ಗಿರಾಕಿಯೊಬ್ಬರ ಕೋರಿಕೆಯ ಮೇರೆಗೆ ಬಾಷ್ ಒಂದೇ ಸ್ಥಳದಲ್ಲಿ ನಿಂತು ಓಡುವ ಎಂಜಿನ್ನಿಗಾಗಿ ಮ್ಯಾಗ್ನೆಟೊವನ್ನು ತಯಾರಿಸಿಕೊಟ್ಟರು. ಆಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಚಲಿಸಿ, ಬ್ಯಾಟರಿಯಿಲ್ಲದೆ ವಿದ್ಯುತ್ ಪಡೆಯುವ ಸಾಧನವದು. ಇದು ಬಾಷ್ ಅವರ ಸ್ವಂತ ಆವಿಷ್ಕಾರವಲ್ಲ. ಡಾಯ್ಟ್ಸ್ ಎಂಜಿನ್ ಕಾರ್ಖಾನೆಯಲ್ಲಿ ಅಂಥ ಸಾಧನ ಆಗಲೇ ಬಳಕೆಯಲ್ಲಿತ್ತು. ಅದರ ರಚನೆಯಲ್ಲಿ ಸುಧಾರಣೆ ಮಾಡಿದ್ದು ಬಾಷ್ ಅವರ ಕೊಡುಗೆ.

1897ರಲ್ಲಿ ಇಂಗ್ಲೆಂಡಿನ ಉದ್ಯಮಿ ಫ್ರೆಡರಿಕ್ ಸಿಮ್ಸ್ ಅವರು ಡಿ ಡಿಯೋನ್-ಬೂಟನ್ ಕಂಪನಿಯ ಮೂರು ಚಕ್ರದ ವಾಹನಕ್ಕೆ ಮ್ಯಾಗ್ನೆಟೊ ಅಳವಡಿಸಬೇಕೆಂದು ಕೇಳಿದರು. ನಿಂತ ಎಂಜಿನ್‌ಗಳು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿದರೆ, ಈ ಪುಟ್ಟ ಎಂಜಿನ್ನಿನ ವೇಗ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಕಾರ್ಯಾಗಾರದ ಆರ್ನಾಲ್ಡ್ ಜೇರಿಂಗರ್ ಇದಕ್ಕೆ ಉಪಾಯ ಕಂಡುಹಿಡಿದರು. ಭಾರವಾದ ಸುರುಳಿಯನ್ನು ಅಲುಗಾಡದಂತೆ ನಿಲ್ಲಿಸಿ, ಅದರ ಸುತ್ತ ಹಗುರವಾದ ಲೋಹದ ಕವಚವನ್ನು ಮಾತ್ರ ಆಡುವಂತೆ ಮಾಡಿದರು. ಇದರಿಂದ ಮ್ಯಾಗ್ನೆಟೊ ರಸ್ತೆಯ ವಾಹನಗಳಿಗೂ ಒದಗಿತು.

ಸ್ಪಾರ್ಕ್ ಪ್ಲಗ್

ಮೊದಲ ಮ್ಯಾಗ್ನೆಟೊಗಳ ವೋಲ್ಟೇಜ್ ಕಡಿಮೆಯಾಗಿದ್ದುದರಿಂದ ಸಿಲಿಂಡರಿನೊಳಗೆ ಎರಡು ಲೋಹದ ತುದಿಗಳನ್ನು ಕೂಡಿಸಿ ಬೇರ್ಪಡಿಸಿದಾಗ ಮಾತ್ರ ಕಿಡಿ ಹುಟ್ಟುತ್ತಿತ್ತು. ಇದಕ್ಕೆ ಬೇಕಾದ ಸನ್ನೆಗಳೂ ಸರಳುಗಳೂ ಸವೆಯುತ್ತಿದ್ದವು ಮತ್ತು ವೇಗ ಹೆಚ್ಚಿದಂತೆ ತಪ್ಪುತ್ತಿದ್ದವು. ಈ ತೊಡಕನ್ನು ನಿವಾರಿಸುವ ಕೆಲಸವನ್ನು ಬಾಷ್ ಅವರು ಹೊನೋಲ್ಡ್ ಅವರಿಗೆ ಒಪ್ಪಿಸಿದರು. ಹೊನೋಲ್ಡ್ ಹಿಂದೆ ಇದೇ ಕಾರ್ಯಾಗಾರದಲ್ಲಿ ಕೆಲಸ ಕಲಿತು, ಉನ್ನತ ವ್ಯಾಸಂಗ ಮಾಡಿ ಮರಳಿ ಬಂದಿದ್ದ ತರುಣ.

ಹೊನೋಲ್ಡ್ ಅವರು ಒಂದೇ ಆರ್ಮೇಚರಿನ ಮೇಲೆ ಎರಡು ಸುರುಳಿಗಳನ್ನು ಸುತ್ತಿದರು. ದಪ್ಪ ತಂತಿಯ ಕಡಿಮೆ ಸುತ್ತುಗಳ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ಕಡಿದಾಗ, ತೆಳು ತಂತಿಯ ಅಸಂಖ್ಯ ಸುತ್ತುಗಳ ಸುರುಳಿಯಲ್ಲಿ ಬಹಳ ಹೆಚ್ಚಿನ ವೋಲ್ಟೇಜ್ ಉಂಟಾಗುತ್ತದೆ. ಅದು ಸ್ಪಾರ್ಕ್ ಪ್ಲಗ್ಗಿನ ಎರಡು ಸ್ಥಿರ ತುದಿಗಳ ನಡುವಿನ ಕಿರಿದಾದ ಅಂತರವನ್ನು ಹಾರಿ ಕಿಡಿಯಾಗುತ್ತದೆ. ಸಿಲಿಂಡರಿನೊಳಗೆ ಚಲಿಸುವ ಭಾಗವೇ ಇಲ್ಲವಾಯಿತು. 1902ರ ಜನವರಿಯಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಅದೇ ವರ್ಷ ಡೈಮ್ಲರ್ ಕಂಪನಿಗೆ ಸರಬರಾಜು ಆರಂಭವಾಯಿತು. ಬಾಷ್ ಅವರಿಗಿಂತ ಮೊದಲೂ ಸ್ಪಾರ್ಕ್ ಪ್ಲಗ್‌ಗಳಿದ್ದವು. ಆದರೆ ಶಾಖವನ್ನು ತಾಳುವ ಪ್ಲಗ್ ಮತ್ತು ಅದಕ್ಕೆ ತಕ್ಕ ವಿದ್ಯುತ್ ಮೂಲ ಜೊತೆಯಾಗಿ ದೊರೆತದ್ದು ಮೋಟಾರು ಉದ್ಯಮಕ್ಕೆ ವರವಾಯಿತು.

1906ರಲ್ಲಿ ಕಾರ್ಖಾನೆಯಿಂದ ಒಂದು ಲಕ್ಷದ ಮ್ಯಾಗ್ನೆಟೊ ಹೊರಬಂದಿತು. ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಶಾಖೆಗಳು ತೆರೆದವು. ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ ಸಂಸ್ಥೆಯ ಮಾರಾಟದ ಬಹುದೊಡ್ಡ ಪಾಲು ಜರ್ಮನಿಯ ಹೊರಗೇ ನಡೆಯುತ್ತಿತ್ತು.

ಕಾರ್ಮಿಕರೊಡನೆ ಸಂಬಂಧ

1906ರಲ್ಲಿ ಬಾಷ್ 8 ಗಂಟೆಗಳ ಪಾಳಿಯನ್ನು ಜಾರಿಗೆ ತಂದರು. ಉತ್ತಮ ವೇತನ, ಬೆಳಕು ಗಾಳಿ ಇರುವ ಕಾರ್ಯಾಗಾರ, ಶನಿವಾರ ಮಧ್ಯಾಹ್ನದ ಬಿಡುವು ಇವುಗಳಿಂದಾಗಿ ಇತರ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಹಂಗಿಸಿದರು. ಕಾರ್ಮಿಕರು ದಣಿಯದೆ ಇದ್ದರೆ ಕೆಲಸದ ಗುಣಮಟ್ಟವೂ ಪ್ರಮಾಣವೂ ಹೆಚ್ಚುತ್ತವೆಂಬ ಲೆಕ್ಕಾಚಾರವೂ ಇದರಲ್ಲಿತ್ತು. ಹಾಗಿದ್ದೂ 1913ರಲ್ಲಿ ಅವರ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಇದರಿಂದ ನೊಂದ ಬಾಷ್ ಅಲ್ಲಿಯವರೆಗೆ ದೂರವಿಟ್ಟಿದ್ದ ಮಾಲೀಕರ ಸಂಘವನ್ನು ಸೇರಿದರು. ಅದೇ ವರ್ಷ ಎಳೆಯರಿಗಾಗಿ ಪ್ರತ್ಯೇಕ ತರಬೇತಿ ವಿಭಾಗವನ್ನೂ ಆರಂಭಿಸಿದರು.

ಯುದ್ಧ, ನಷ್ಟ ಮತ್ತು ದಾನ

1910ರಲ್ಲಿ ಬಾಷ್ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯಕ್ಕೆ 10 ಲಕ್ಷ ಮಾರ್ಕ್ ದಾನ ಮಾಡಿದ್ದರು. 1914ರಲ್ಲಿ ಯುದ್ಧ ಆರಂಭವಾದಾಗ ಕಾರ್ಖಾನೆಯ ಒಂದು ಭಾಗವನ್ನು ಗಾಯಾಳುಗಳ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಅವರ ಕಾರ್ಖಾನೆ ಯುದ್ಧ ಸಾಮಗ್ರಿಯನ್ನು ಒದಗಿಸಿ ಲಾಭ ಗಳಿಸಿತು. ಜನರ ಸಾವುನೋವಿನಿಂದ ಬಂದ ಹಣವನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪದೆ, ಅವರು ನೆಕ್ಕರ್ ನದಿಯ ಜಲಮಾರ್ಗ ಯೋಜನೆ ಮೊದಲಾದ ಸಾರ್ವಜನಿಕ ಕಾರ್ಯಗಳಿಗೆ ಅದರಲ್ಲಿ ದೊಡ್ಡ ಮೊತ್ತವನ್ನು ನೀಡಿದರು.

ಯುದ್ಧವು ಅವರ ವಿದೇಶಿ ವ್ಯಾಪಾರವನ್ನು ಮುರಿಯಿತು. ಅಮೆರಿಕದ ಆಸ್ತಿಯನ್ನು ಅಲ್ಲಿನ ಸರ್ಕಾರ ಮುಟ್ಟುಗೋಲು ಹಾಕಿಕೊಂಡು ಮಾರಿತು. 1921ರಲ್ಲಿ ಉತ್ತರಾಧಿಕಾರಿಯಾಗಬೇಕಿದ್ದ ಮಗ ರಾಬರ್ಟ್ ದೀರ್ಘ ಕಾಯಿಲೆಯಿಂದ ತೀರಿಕೊಂಡರು. ದಾಂಪತ್ಯವೂ ಮುರಿಯಿತು. 1927ರಲ್ಲಿ ಮಾರ್ಗರೆಟ್ ವೂರ್ಟ್ಸ್ ಅವರನ್ನು ಮದುವೆಯಾದರು. ಈ ವಿವಾಹದಿಂದ ಒಬ್ಬ ಮಗ, ಒಬ್ಬ ಮಗಳು ಜನಿಸಿದರು.

ಕಡಿಮೆ ಬೆಲೆಯ ಕಾರುಗಳು ಬಂದಾಗ ಮ್ಯಾಗ್ನೆಟೊ ದುಬಾರಿಯೆನಿಸಿತು. 1925ರಲ್ಲಿ ಸಂಸ್ಥೆ ಬ್ಯಾಟರಿಯಿಂದ ಕಿಡಿ ಹೊತ್ತಿಸುವ ವ್ಯವಸ್ಥೆಗೆ ಬಂದಿತು. 1927ರಲ್ಲಿ ಡೀಸೆಲ್ ಎಂಜಿನ್ನಿನ ಇಂಧನ ಪಂಪ್, ಮುಂದೆ ವಿದ್ಯುತ್ ಉಪಕರಣಗಳು ಮತ್ತು ರೆಫ್ರಿಜರೇಟರ್ ತಯಾರಾದವು. ಒಂದೇ ಸರಕನ್ನು ನಂಬಿದ್ದ ಕಾರ್ಖಾನೆ ಹೀಗೆ ಬಹುಮುಖಿಯಾಯಿತು.

ನಾಜಿ ಆಡಳಿತದ ವರ್ಷಗಳು

ಬಾಷ್ ಯುರೋಪಿನ ಐಕ್ಯವನ್ನೂ ಫ್ರಾನ್ಸ್‌ನೊಡನೆ ಸ್ನೇಹವನ್ನೂ ಬಯಸಿದವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಈ ಆಶೆ ಕಮರಿತು. ಅವರೂ ಸಂಸ್ಥೆಯ ಮುಖ್ಯಸ್ಥ ಹಾನ್ಸ್ ವಾಲ್ಟ್ಸ್ ಅವರೂ ಕಿರುಕುಳಕ್ಕೊಳಗಾದ ಯೆಹೂದಿಗಳಿಗೆ ಗುಟ್ಟಾಗಿ ನೆರವಾದರು. ಹಿಟ್ಲರ್ ವಿರೋಧಿಯಾದ ಕಾರ್ಲ್ ಗೋರ್ಡೆಲರ್ ಅವರನ್ನು 1937ರಲ್ಲಿ ಸಲಹೆಗಾರರಾಗಿ ನೇಮಿಸಿಕೊಂಡು ಆಶ್ರಯ ನೀಡಿದರು. ಗೋರ್ಡೆಲರ್ ಅವರನ್ನು 1945ರಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು.

ಇದೇ ಅವಧಿಯಲ್ಲಿ ಸಂಸ್ಥೆಯು ಸೈನ್ಯಕ್ಕೆ ಬೇಕಾದ ಸಾಮಗ್ರಿಯನ್ನು ತಯಾರಿಸಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅದರ ಕಾರ್ಖಾನೆಗಳಲ್ಲಿ ಸಾವಿರಾರು ಮಂದಿ ಬಲವಂತದ ದುಡಿಮೆಗೆ ಒಳಗಾದರು. ಈ ಎರಡು ಮುಖಗಳನ್ನೂ ಒಟ್ಟಿಗೆ ಇಟ್ಟು ನೋಡದೆ ಬಾಷ್ ಅವರ ಕೊನೆಯ ವರ್ಷಗಳನ್ನು ಅರಿಯಲಾಗುವುದಿಲ್ಲ.

ನಿಧನ ಮತ್ತು ಪ್ರತಿಷ್ಠಾನ

1940ರಲ್ಲಿ ಬಾಷ್ ಅವರ ದಾನದಿಂದ ಸ್ಟುಟ್‌ಗಾರ್ಟ್‌ನಲ್ಲಿ ಹೋಮಿಯೋಪತಿ ಆಸ್ಪತ್ರೆ ಆರಂಭವಾಯಿತು. 1942ರ ಮಾರ್ಚ್ 12ರಂದು ಅದೇ ನಗರದಲ್ಲಿ ತಮ್ಮ 80ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರು ಒಪ್ಪದಿದ್ದ ಸರ್ಕಾರವೇ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಸಿತು.

ಉದ್ಯಮದ ಲಾಭವು ಸಮಾಜಕ್ಕೆ ಸಲ್ಲಬೇಕೆಂಬ ಆಶಯವನ್ನು ಅವರು ಉಯಿಲಿನಲ್ಲಿ ಸೂಚಿಸಿದ್ದರು. ಅದರಂತೆ 1964ರಲ್ಲಿ ಬಹುಪಾಲು ಷೇರುಗಳು ಧರ್ಮಾರ್ಥ ಸಂಸ್ಥೆಯೊಂದಕ್ಕೆ ವರ್ಗವಾದವು. ಇಂದು ರಾಬರ್ಟ್ ಬಾಷ್ ಪ್ರತಿಷ್ಠಾನವೆಂಬ ಹೆಸರಿನ ಈ ಸಂಸ್ಥೆ ಕಂಪನಿಯ ಶೇಕಡ 90ಕ್ಕೂ ಹೆಚ್ಚು ಬಂಡವಾಳವನ್ನು ಹೊಂದಿದ್ದು, ಆರೋಗ್ಯ, ಶಿಕ್ಷಣ ಮುಂತಾದ ಕ್ಷೇತ್ರಗಳಿಗೆ ವೆಚ್ಚ ಮಾಡುತ್ತದೆ.

ಕರ್ನಾಟಕದೊಡನೆ ನಂಟು

1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆರಂಭವಾಯಿತು. ಮೈಕೋ ಎಂದೇ ಜನಜನಿತವಾದ ಈ ಸಂಸ್ಥೆಯ ಆಡುಗೋಡಿಯ ಕಾರ್ಖಾನೆ ಸ್ಪಾರ್ಕ್ ಪ್ಲಗ್ ಹಾಗೂ ಡೀಸೆಲ್ ಪಂಪುಗಳಿಗೆ ದೇಶದಲ್ಲೆಲ್ಲ ಹೆಸರಾಯಿತು. 2008ರಲ್ಲಿ ಇದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ನಗರದ ಮೈಕೋ ಲೇಔಟ್ ಹಳೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಇಂದಿನ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್

ಹೊನೋಲ್ಡ್ ಅವರ ಮೂಲ ತತ್ತ್ವ ಇಂದಿಗೂ ಬದಲಾಗಿಲ್ಲ. ಉಕ್ಕಿನ ಕವಚ, ಪಿಂಗಾಣಿಯಂಥ ವಿದ್ಯುತ್ ನಿರೋಧಕ, ನಡುವಿನ ತುದಿ, ಪಕ್ಕದ ಬಾಗಿದ ತುದಿ ಇವೇ ಪ್ಲಗ್ಗಿನ ಭಾಗಗಳು. ಟರ್ಬೋಚಾರ್ಜರ್ ಇರುವ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ತುಂಬುವುದರಿಂದ ಮಿಶ್ರಣ ಸಾಂದ್ರವಾಗುತ್ತದೆ. ಸಾಂದ್ರ ಅನಿಲವನ್ನು ಭೇದಿಸಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದ ಇಂಥ ಎಂಜಿನ್‌ಗಳಲ್ಲಿ ತುದಿಗಳ ನಡುವಿನ ಅಂತರವನ್ನು ಸಾಮಾನ್ಯವಾಗಿ ಕಿರಿದಾಗಿಡುತ್ತಾರೆ. ಶಾಖವನ್ನು ಬೇಗ ಹೊರಸಾಗಿಸುವ ಪ್ಲಗ್ ಅನ್ನು ಆರಿಸುತ್ತಾರೆ. ಬಳಕೆಯಿಂದ ತುದಿ ಸವೆದು ಅಂತರ ಹಿಗ್ಗಿದಾಗ, ವೇಗ ಹೆಚ್ಚಿಸುವ ಹೊತ್ತಿನಲ್ಲಿ ಕಿಡಿ ತಪ್ಪಿ ಎಂಜಿನ್ ಜಗ್ಗುತ್ತದೆ.

ಮನೆಯಲ್ಲಿಯೇ ಪ್ಲಗ್ ಬದಲಿಸುವವರು ಕೆಲವು ಎಚ್ಚರಗಳನ್ನು ಪಾಲಿಸಬೇಕಾಗುತ್ತದೆ. ಬಿಸಿಯಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನ ಥ್ರೆಡ್ ಸುಲಭವಾಗಿ ಕೆಡುವುದರಿಂದ ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ಕಾಯಿಲ್ ತೆಗೆದ ನಂತರ ಗುಂಡಿಯಲ್ಲಿರುವ ಧೂಳನ್ನು ಗಾಳಿ ಹಾಯಿಸಿ ಹೊರಹಾಕಬೇಕು; ಇಲ್ಲವಾದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಪ್ಲಗ್ಗನ್ನೇ ತಂದು, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಕೊನೆಯಲ್ಲಿ ಟಾರ್ಕ್ ರೆಂಚ್‌ನಿಂದ ನಿಗದಿತ ಬಲದಷ್ಟೇ ಬಿಗಿಗೊಳಿಸಬೇಕು. ಹೊರತೆಗೆದ ಹಳೆಯ ಪ್ಲಗ್ಗಿನ ಬಣ್ಣ ಎಂಜಿನ್ನಿನ ಸ್ಥಿತಿಯನ್ನು ತಿಳಿಸುತ್ತದೆ: ತಿಳಿ ಕಂದು ಬಣ್ಣವಿದ್ದರೆ ದಹನ ಸರಿಯಾಗಿದೆಯೆಂದೂ, ಒಣ ಮಸಿ ಹಿಡಿದಿದ್ದರೆ ಇಂಧನ ಹೆಚ್ಚಾಗಿದೆಯೆಂದೂ, ಜಿಡ್ಡಾಗಿದ್ದರೆ ಎಣ್ಣೆ ಸೋರುತ್ತಿದೆಯೆಂದೂ ತಿಳಿಯಬಹುದು.