ಗ್ರಂಥಾಲಯಕ್ಕೆ ಬಂದ ಗಣಿತದ ಮೇಷ್ಟ್ರು

ಮಕ್ಕಳೇ, ಎಸ್. ಆರ್. ರಂಗನಾಥನ್ ಹುಟ್ಟಿದ್ದು 1892ರಲ್ಲಿ, ಈಗಿನ ತಮಿಳುನಾಡಿನ ಸೀರ್ಕಾಳಿಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಪಾಠ ಕೇಳುವ ಹುಡುಗರಿಲ್ಲದ ಆ ಕೆಲಸ ಬೇಸರ ತಂದಿತು. ಕಾಲೇಜಿಗೆ ಮರಳಲು ಅನುಮತಿ ಕೇಳಿದರು. ಮೊದಲು ಲಂಡನ್ನಿನಲ್ಲಿ ಕಲಿತು ಬರುವುದು, ಆಮೇಲೂ ಬೇಡವೆನಿಸಿದರೆ ಹಿಂದಿರುಗುವುದು ಎಂದು ತೀರ್ಮಾನವಾಯಿತು.

ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ನಟ್ಟು, ಬೋಲ್ಟುಗಳಿಂದ ಬೇರೆ ಬೇರೆ ಆಟಿಕೆ ತಯಾರು! ಪುಸ್ತಕದ ವಿಷಯವನ್ನೂ ಹೀಗೆ ಬಿಡಿಭಾಗಗಳಿಂದ ಜೋಡಿಸಬಹುದೆಂದು ಹೊಳೆಯಿತು. ಭತ್ತದ ರೋಗಗಳ ಪುಸ್ತಕವೆಂದರೆ ಬೆಳೆ, ತೊಂದರೆ ಎಂಬ ಎರಡು ತುಂಡು. ಪ್ರತಿ ತುಂಡಿಗೂ ಒಂದು ಗುರುತು. ನಡುವೆ ಮೇಲೊಂದು ಕೆಳಗೊಂದು ಚುಕ್ಕಿಯ ಕೋಲನ್ ಚಿಹ್ನೆ. 1933ರಲ್ಲಿ ಪ್ರಕಟವಾದ ಈ ಕ್ರಮವೇ ಕೋಲನ್ ವರ್ಗೀಕರಣ.

ರಂಗನಾಥನ್ ಮತ್ತೆ ಗಣಿತ ಪಾಠಕ್ಕೆ ಹೋಗಲಿಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಸ್ಥಾಪಿಸಿದರು. 1972ರಲ್ಲಿ ಅಲ್ಲೇ ತೀರಿಕೊಂಡರು.

ನೀವೂ ಮಾಡಿ ನೋಡಿ: ಶಾಲೆಯ ಹತ್ತು ಪುಸ್ತಕ ಆರಿಸಿ. ಪ್ರತಿಯೊಂದೂ ಯಾವುದರ ಬಗ್ಗೆ, ಅದರಲ್ಲಿ ಏನನ್ನು ಹೇಳುತ್ತದೆ ಎಂದು ಎರಡು ಚೀಟಿಗಳಲ್ಲಿ ಬರೆಯಿರಿ. ಇನ್ನೊಂದು ತಂಡ ಚೀಟಿ ಜೋಡಿ ನೋಡಿ ಪುಸ್ತಕ ಹುಡುಕಲಿ. ಒಂದೇ ಜೋಡಿಗೆ ಎರಡು ಪುಸ್ತಕ ಸಿಕ್ಕಿದರೆ ಮೂರನೆಯ ಚೀಟಿ ಬೇಕಾಯಿತು ಎಂದರ್ಥ! ಅದರಲ್ಲಿ ಏನು ಬರೆಯುತ್ತೀರಿ?