ಅಶೋಕ ಚಕ್ರವರ್ತಿಯ ಮನೆವಾರ್ತೆ

ಚಕ್ರವರ್ತಿಗಳ ಚರಿತ್ರೆಯನ್ನು ಓದುವವರಿಗೆ ಅವರ ದಿಗ್ವಿಜಯಗಳು ತಿಳಿದಷ್ಟು ಅವರ ಮನೆವಾರ್ತೆ ತಿಳಿಯುವುದಿಲ್ಲ. ಮೌರ್ಯರ ಪಾಠ ಹೇಳುವಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿಯು ಅಶೋಕನಿಗೆ ಮಕ್ಕಳೆಷ್ಟು ಎಂದು ನನ್ನನ್ನು ಕೇಳುವುದುಂಟು. ಸುಲಭವೆಂದು ತೋರುವ ಈ ಪ್ರಶ್ನೆಗೆ ಗ್ರಂಥಗಳು ಒಂದು ಉತ್ತರವನ್ನು ಕೊಟ್ಟರೆ ಶಿಲೆಗಳು ಇನ್ನೊಂದನ್ನು ಕೊಡುತ್ತವೆ. ಆ ಶಿಲೆಗಳಲ್ಲಿ ಹಲವು ನಮ್ಮ ಕನ್ನಡ ನೆಲದಲ್ಲಿಯೇ ಇರುವುದರಿಂದ ಎರಡನ್ನೂ ಎದುರುಬದುರಾಗಿಟ್ಟು ನೋಡುವುದು ನಮಗೆ ಉಚಿತವಾಗಿದೆ.

ಅಶೋಕನ ಮನೆತನವೇ ವಿಚಿತ್ರವಾದುದು. ಅಜ್ಜನಾದ ಚಂದ್ರಗುಪ್ತನು ರಾಜ್ಯವನ್ನು ತೊರೆದು, ಭದ್ರಬಾಹುವಿನೊಡನೆ ದಕ್ಷಿಣಕ್ಕೆ ಬಂದು, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹವಿಟ್ಟನೆಂದು ಜೈನ ಸಂಪ್ರದಾಯವು ಹೇಳುತ್ತದೆ. ತಂದೆ ಬಿಂದುಸಾರನ ಆಸ್ಥಾನದಲ್ಲಿ ಆಜೀವಿಕರಿಗೆ ಮನ್ನಣೆಯಿತ್ತೆಂದು ಬೌದ್ಧ ಕಥೆಗಳೇ ಒಪ್ಪುತ್ತವೆ. ಅಶೋಕನು ಬುದ್ಧನಿಗೆ ಶರಣುಹೋದನು. ಅವನ ಮೊಮ್ಮಗನೆನ್ನಲಾದ ದಶರಥನು ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಮತ್ತೆ ಆಜೀವಿಕರಿಗೇ ದಾನಮಾಡಿದನು. ಒಂದೇ ವಂಶದಲ್ಲಿ ಮೂರು ದರ್ಶನಗಳಿಗೆ ಎಡೆಯಿತ್ತು.

ರಾಜಕುಮಾರನಾಗಿದ್ದಾಗ ಅಶೋಕನು ಉಜ್ಜಯಿನಿಯಲ್ಲಿ ಆಡಳಿತ ನಡೆಸಿದನೆಂದೂ, ವಿದಿಶೆಯ ವರ್ತಕನೊಬ್ಬನ ಮಗಳಾದ ದೇವಿಯನ್ನು ವರಿಸಿದನೆಂದೂ ಸಿಂಹಳದ ಇತಿಹಾಸ ಗ್ರಂಥಗಳು ತಿಳಿಸುತ್ತವೆ. ಮಹೇಂದ್ರ ಮತ್ತು ಸಂಘಮಿತ್ರೆ ಅವಳ ಮಕ್ಕಳು. ಅದೇ ಗ್ರಂಥಗಳು ಅವನು ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದು ಸಿಂಹಾಸನವೇರಿದನೆಂದು ಹೇಳಲು ಹಿಂದೆಗೆಯುವುದಿಲ್ಲ. ಆದರೆ ಕ್ರಿ.ಪೂ. 268ರ ಸುಮಾರಿಗೆ ಪಟ್ಟವಾದ ಈ ಅರಸನು, ಅದಾಗಿ 13 ವರ್ಷಗಳ ಮೇಲೆ ನೇಮಿಸಿದ ಧರ್ಮಮಹಾಮಾತ್ರರ ಕೆಲಸವನ್ನು ವಿವರಿಸುತ್ತ, ತನ್ನ ಸೋದರ ಸೋದರಿಯರ ಅಂತಃಪುರಗಳನ್ನೂ ಬಂಧುಗಳ ಮನೆಗಳನ್ನೂ ಹೆಸರಿಸುತ್ತಾನೆ. ಪರಿವರ್ತನೆಯ ಬೆಳಕು ಹೆಚ್ಚಾಗಿ ಕಾಣಲೆಂದು ಕಥೆಗಾರರು ಹಿಂದಿನ ಕತ್ತಲೆಗೆ ಇನ್ನಷ್ಟು ಮಸಿ ಬಳಿದರೆಂದೇ ನನ್ನ ಎಣಿಕೆ.

ಆ ಪರಿವರ್ತನೆಗೆ ಕಾರಣವಾದುದು ಕಳಿಂಗ ಯುದ್ಧ. ಪಟ್ಟವಾದ ಎಂಟು ವರ್ಷಗಳ ಮೇಲೆ ನಡೆದ ಆ ಯುದ್ಧದಲ್ಲಿ ಒಂದು ಲಕ್ಷ ಜನ ಮಡಿದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಊರು ಬಿಟ್ಟರು. ಲೆಕ್ಕವನ್ನು ಕೊಟ್ಟವನು ಗೆದ್ದ ಅರಸನೇ. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ತಾವು ಬದುಕಿ ಉಳಿದರೂ ತಮ್ಮ ಗೆಳೆಯರಿಗೂ ಬಂಧುಗಳಿಗೂ ಒದಗಿದ ಕೇಡಿನಿಂದ ಬೇಯುವವರ ನೋವನ್ನೂ ಯುದ್ಧದ ಪಾಪದಲ್ಲಿಯೇ ಸೇರಿಸಿದನು. ಸತ್ತವರನ್ನು ಎಣಿಸುವ ಅರಸರು ಬಹಳ. ಸತ್ತವರ ಮನೆಗಳನ್ನು ನೆನೆದವರು ವಿರಳ.

ಅವನ ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಶಾಸನಗಳು ಮಿತಭಾಷಿಗಳು. ಈಗ ಅಲಹಾಬಾದಿನ ಕೋಟೆಯಲ್ಲಿರುವ ಕಂಬದ ಮೇಲೆ ಒಬ್ಬ ರಾಣಿಯ ಹೆಸರಿದೆ: ತೀವರನ ತಾಯಿ, ಎರಡನೆಯ ರಾಣಿ ಕಾರುವಾಕಿ. ಅವಳು ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆಗಳೆಲ್ಲ ಅವಳ ಹೆಸರಿನಲ್ಲಿಯೇ ಸಲ್ಲಬೇಕೆಂದು ಅರಸನ ಆಜ್ಞೆ. ಕಥೆಗಳಲ್ಲಿ ಈ ತಾಯಿಮಕ್ಕಳ ಸುಳಿವಿಲ್ಲ. ಕಥೆಗಳು ಕೊಂಡಾಡುವ ಮಹೇಂದ್ರ, ಸಂಘಮಿತ್ರೆಯರ ಸುಳಿವು ಶಾಸನಗಳಲ್ಲಿಲ್ಲ. ಬೋಧಿವೃಕ್ಷದ ಕೊಂಬೆಯೊಡನೆ ಸಿಂಹಳಕ್ಕೆ ಹೋದ ಮಗಳನ್ನೂ, ಮಲತಾಯಿ ತಿಷ್ಯರಕ್ಷಿತೆಯ ಕುತಂತ್ರದಿಂದ ಕಣ್ಣು ಕಳೆದುಕೊಂಡ ಕುಣಾಲನನ್ನೂ ಜನರು ನೆನಪಿನಲ್ಲಿ ಉಳಿಸಿಕೊಂಡರು. ಶಿಲೆಯು ತೀವರನನ್ನು ಉಳಿಸಿಕೊಂಡಿತು.

ಇನ್ನೊಬ್ಬ ರಾಜಕುಮಾರನು ನಮ್ಮವನು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಶಾಸನವು ಸುವರ್ಣಗಿರಿಯ ಆರ್ಯಪುತ್ರನು ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸುವುದರೊಂದಿಗೆ ಆರಂಭವಾಗುತ್ತದೆ. ಸುವರ್ಣಗಿರಿಯು ಕೊಪ್ಪಳ ಸೀಮೆಯ ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಕೆಲವರು ವಾದಿಸುತ್ತಾರೆ. ಆ ಕುಮಾರನ ಹೆಸರು ಕಲ್ಲಿನಲ್ಲಿಲ್ಲ. ಶಾಸನವನ್ನು ಬರೆದ ಲಿಪಿಕಾರ ಚಪಡನ ಹೆಸರು ಮಾತ್ರ ಇದೆ! ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುಭಕ್ತಿ, ಬಂಧುಗಳೊಡನೆ ತಕ್ಕ ನಡತೆ – ಇಷ್ಟೇ ಅದರ ಬೋಧೆ. ಮಗನ ಮೂಲಕ ತಂದೆಯು ನಾಡಿಗೆ ಹೇಳಿಸಿದುದು ಮನೆಯ ಧರ್ಮವನ್ನೇ.

ಆ ತಂದೆಯ ಹೆಸರನ್ನು ಜಗತ್ತಿಗೆ ದೃಢಪಡಿಸಿದುದೂ ಈ ನೆಲವೇ. ಇತರ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇದ್ದಾಗ, 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನೆಂಬ ಹೆಸರನ್ನೇ ನುಡಿಯಿತು. ಹುಬ್ಬಳ್ಳಿಯಿಂದ ಗದಗಿನ ಮೇಲೆ ರೈಲಿನಲ್ಲಿ ಹೋದರೆ ಸಿಗುವ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಅವನ ಶಾಸನಗಳು 1931ರಲ್ಲಿ ಕಂಡುಬಂದವು.

ಅಶೋಕನ ಕೊನೆಗಾಲವನ್ನು ಕಥೆಗಳು ಕರುಣಾಜನಕವಾಗಿ ಚಿತ್ರಿಸುತ್ತವೆ. ದಾನದಿಂದ ಬೊಕ್ಕಸ ಬರಿದಾದೀತೆಂದು ಮಂತ್ರಿಗಳು ತಡೆಯಲು, ಕೈಯಲ್ಲಿ ಉಳಿದ ಅರ್ಧ ನೆಲ್ಲಿಕಾಯಿಯನ್ನು ಸಂಘಕ್ಕೆ ಕಳುಹಿಸಿದನಂತೆ. ಕ್ರಿ.ಪೂ. 232ರ ಸುಮಾರಿಗೆ ಅವನು ತೀರಿಕೊಂಡನು. ಅರ್ಧ ಶತಮಾನದೊಳಗೆ ಕಡೆಯ ಮೌರ್ಯನಾದ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರನು ಕೊಂದು, ವಂಶವೇ ಮುಗಿಯಿತು.

ಹಾಗಾದರೆ ಮಕ್ಕಳೆಷ್ಟು ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೇನು? 1980ರ ದಶಕದಲ್ಲಿ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಒಂದು ಬಂಡೆಯ ಮೇಲೆ ಅಶೋಕನ ಅಕ್ಷರಗಳು ಕಂಡವು. ಪರಮತವನ್ನು ಹಳಿಯಬೇಡಿರೆಂಬ ಶಾಸನದ ಭಾಗವು ಅದರಲ್ಲಿದೆ. ಜೊತೆಗೆ, ಅದುವರೆಗೆ ಕಳಿಂಗದಲ್ಲಿ ಮಾತ್ರ ದೊರೆತಿದ್ದ ಎರಡು ವಿಶೇಷ ಶಾಸನಗಳೂ ಇವೆ. ಮನುಷ್ಯರೆಲ್ಲರೂ ತನ್ನ ಮಕ್ಕಳೆಂದೂ, ಸ್ವಂತ ಮಕ್ಕಳಿಗೆ ಬಯಸುವ ಇಹಪರಗಳ ಸುಖವನ್ನೇ ಎಲ್ಲರಿಗೂ ಬಯಸುವೆನೆಂದೂ, ಆದುದರಿಂದ ಯಾರನ್ನೂ ಅಕಾರಣವಾಗಿ ಸೆರೆಗೆ ಹಾಕಬಾರದೆಂದೂ ಅರಸನು ಅಧಿಕಾರಿಗಳನ್ನು ಎಚ್ಚರಿಸಿದ ಶಾಸನಗಳು ಅವೇ. ವಾತ್ಸಲ್ಯವು ಬರಿಯ ಮಾತಾಗದೆ ಸೆರೆಮನೆಯ ಬಾಗಿಲಿನವರೆಗೆ ಹೋದುದು ಅಲ್ಲಿಯ ವಿಶೇಷ.

ಸನ್ನತಿಯ ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ, ಅವನ ಕಾಲಾನಂತರ ಶಿಲ್ಪಿಗಳು ಅರಸನನ್ನೂ ರಾಣಿಯನ್ನೂ ಕಡೆದು, ರಾಯ ಅಶೋಕನೆಂದು ಹೆಸರು ಬರೆದಿಟ್ಟರು. ಹೆತ್ತ ಮಕ್ಕಳ ವಂಶವು ಅಳಿದ ಮೇಲೂ ಅವನನ್ನು ನೆನೆದು ಮನೆಯವನಂತೆ ಕಂಡವರು ಈ ನಾಡಿನ ಜನ. ಮಕ್ಕಳ ಲೆಕ್ಕವನ್ನು ಕೇಳುವ ವಿದ್ಯಾರ್ಥಿಗೆ ಇವರನ್ನೂ ಸೇರಿಸಿಕೊಂಡು ಎಣಿಸೆಂದು ಹೇಳುತ್ತೇನೆ.