ಕಡೆಯ ಸಾಲಿನ ರಸಿಕನಿಗಾಗಿ ಏಳು ತಂತಿ: ತಿರುಮಕೂಡಲಿನ ಚೌಡಯ್ಯ

ಬೆಂಗಳೂರಿನ ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಬೃಹತ್ ಪಿಟೀಲಿನ ಆಕಾರದ ಕಟ್ಟಡವೊಂದಿದೆ. ಸಂಗೀತ ಕಛೇರಿ, ನಾಟಕ, ನೃತ್ಯ, ಶಾಲೆಗಳ ವಾರ್ಷಿಕೋತ್ಸವ ಹೀಗೆ ಒಂದಲ್ಲ ಒಂದು ನೆಪದಲ್ಲಿ ನಗರದ ಬಹುಪಾಲು ಜನ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಚೌಡಯ್ಯ ಸ್ಮಾರಕ ಭವನ ಎಂಬ ಹೆಸರು ಆಟೋ ಚಾಲಕರಿಗೂ ಚಿರಪರಿಚಿತ. ಆದರೆ ಆ ಹೆಸರು ಇಂದು ಅನೇಕರ ಪಾಲಿಗೆ ಸಭಾಂಗಣವೊಂದರ ಹೆಸರಾಗಿ ಮಾತ್ರ ಉಳಿದಿದೆ. ಆ ಕಟ್ಟಡಕ್ಕೆ ಪಿಟೀಲಿನ ಆಕಾರವೇಕೆ, ಆ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿಗಳೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ ಮೈಸೂರು ಜಿಲ್ಲೆಯ ನದೀತೀರವೊಂದಕ್ಕೆ ಹೋಗಬೇಕು.

ಕೇರಳದ ವಯನಾಡಿನಲ್ಲಿ ಹುಟ್ಟುವ ಕಪಿಲೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ ಪೂರ್ವಕ್ಕೆ ಹರಿದು, ತಿ. ನರಸೀಪುರದ ಬಳಿ ಕಾವೇರಿಯನ್ನು ಸೇರುತ್ತಾಳೆ. ಇವೆರಡರೊಡನೆ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಇಲ್ಲಿ ಕೂಡುತ್ತದೆ ಎಂಬುದು ಭಕ್ತರ ನಂಬಿಕೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಾ ಬಂದಿದ್ದು, ದಕ್ಷಿಣದ ಪ್ರಯಾಗವೆಂದೇ ಈ ಕ್ಷೇತ್ರಕ್ಕೆ ಖ್ಯಾತಿ. ಈ ಸಂಗಮದ ತಿರುಮಕೂಡಲಿನಲ್ಲಿ 1895ರಲ್ಲಿ ಚೌಡಯ್ಯನವರು ಜನಿಸಿದರು. ತಂದೆ ಅಗಸ್ತೇಗೌಡರು, ತಾಯಿ ಸುಂದರಮ್ಮನವರು. ತಂದೆಯ ಹೆಸರಿನಲ್ಲೇ ಊರ ದೇವರ ಹೆಸರಿತ್ತು. ಮುಂದೆ ಮಗ ವಾಗ್ಗೇಯಕಾರರಾಗಿ ಕೃತಿಗಳನ್ನು ರಚಿಸಿದಾಗ ತಮಗೆ ಆರಿಸಿಕೊಂಡ ಅಂಕಿತ ತ್ರಿಮಕುಟ. ಊರು ಬಿಟ್ಟು ಬಹುದೂರ ಬೆಳೆದರೂ ಊರಿನ ಹೆಸರನ್ನು ಅವರು ಕೃತಿಗಳಲ್ಲಿ ಉಳಿಸಿಕೊಂಡರು.

ಗುರುವಿನ ಮನೆಯ ಎಂಟು ವರ್ಷ

1910ರಲ್ಲಿ, ಇನ್ನೂ ಹದಿನೈದರ ಹರೆಯದಲ್ಲಿ ಚೌಡಯ್ಯನವರು ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಕರಾವಳಿಯಿಂದ ಬಂದು ಮೈಸೂರಿನಲ್ಲಿ ನೆಲೆನಿಂತ ಮಹಾ ಗಾಯಕರು, ಅರಮನೆಯ ಆಸ್ಥಾನ ವಿದ್ವಾಂಸರು. ಸಂಗೀತ ಕಛೇರಿಗಳಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅವರು ಪ್ರಮುಖರು. ಶಿಸ್ತಿನ ವಿಷಯದಲ್ಲಿ ಅವರು ಅತ್ಯಂತ ನಿಷ್ಠುರರು. 1918ರವರೆಗೆ, ಸುಮಾರು ಎಂಟು ವರ್ಷಗಳ ಕಾಲ, ಚೌಡಯ್ಯನವರ ಅಭ್ಯಾಸ ಈ ಗುರುವಿನ ನೆರಳಿನಲ್ಲಿ ನಡೆಯಿತು.

ಪಿಟೀಲು ಕಲಿಯುವವನಿಗೆ ಗಾಯಕರೊಬ್ಬರು ಗುರುವಾಗಿದ್ದುದು ಗಮನಿಸಬೇಕಾದ ಸಂಗತಿ. ಪಿಟೀಲು ನಮ್ಮ ನೆಲದ್ದಲ್ಲ. ಯೂರೋಪಿನಿಂದ ಬಂದ ಈ ವಾದ್ಯವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಬಾಲುಸ್ವಾಮಿ ದೀಕ್ಷಿತರು, ತಂಜಾವೂರಿನ ವಡಿವೇಲು ಮೊದಲಾದವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮನುಷ್ಯನ ಕಂಠವನ್ನು ಅತಿ ಸಮೀಪದಿಂದ ಅನುಸರಿಸಬಲ್ಲದೆಂಬ ಕಾರಣಕ್ಕೇ ಅದು ಪಕ್ಕವಾದ್ಯವಾಗಿ ನೆಲೆಯೂರಿತು. ಗಾಯಕರ ಬಳಿ ಕಲಿತ ಚೌಡಯ್ಯನವರ ಕಮಾನು ಹಾಡಿಕೆಯ ಜಾಡಿನಲ್ಲೇ ನಡೆಯಿತು. ಸಾಹಿತ್ಯದ ಪದ ಎಲ್ಲಿ ಒಡೆಯುತ್ತದೆ, ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಬಲ್ಲ ವಾದನ ಅವರದು. ಮೊದಲು ಗುರುವಿಗೇ ಪಕ್ಕವಾದ್ಯ ನುಡಿಸಿದ ಅವರು ಬಹುಬೇಗ ದಕ್ಷಿಣ ಭಾರತದ ಪ್ರಮುಖ ಗಾಯಕರಿಗೆಲ್ಲ ಬೇಕಾದ ಕಲಾವಿದರಾದರು.

ಕೇಳುಗರು ಕಟ್ಟಿದ ಕಾಲ

ಅಂದಿನ ಮೈಸೂರಿನ ಸಂಗೀತವೆಂದರೆ ಅರಮನೆಯೆಂದೇ ಭಾವಿಸುವುದು ವಾಡಿಕೆ. ಅರಮನೆಯ ಆಶ್ರಯ ದೊಡ್ಡದೆಂಬುದು ನಿಜ. ಆದರೆ ಸಂಗೀತ ಅರಮನೆಯ ದರ್ಬಾರಿನಿಂದ ಹೊರಬಂದು ಬೀದಿಯ ಚಪ್ಪರವನ್ನು ತಲುಪಿದ್ದು ರಸಿಕರ ಉತ್ಸಾಹದಿಂದ. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ನಿರ್ಮಿಸಿದ ಪ್ರಸನ್ನ ಸೀತಾರಾಮ ಮಂದಿರ ಅಂತಹ ರಸಿಕರ ಕೇಂದ್ರಗಳಲ್ಲಿ ಒಂದು. ಬೆಂಗಳೂರಿನಲ್ಲಿ ಗಾಯನ ಸಮಾಜ 1905ರಲ್ಲೇ ಆರಂಭವಾಗಿತ್ತು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯನ್ನು ಸ್ಥಾಪಿಸಿದರು. ರಾಮನವಮಿಯ ಆ ಕಛೇರಿಗಳು ಕೋಟೆ ಹೈಸ್ಕೂಲು ಮೈದಾನದ ಚಪ್ಪರವನ್ನು ನಾಡಿನಾದ್ಯಂತ ಪ್ರಸಿದ್ಧಗೊಳಿಸಿದವು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದ್ದರ ಹಿಂದೆಯೂ ಇಂತಹದೇ ಹವ್ಯಾಸಿಯ ಹುಮ್ಮಸ್ಸಿತ್ತು.

ಇಲ್ಲಿ ಕೇಳುಗ ಸುಮ್ಮನೆ ಕುಳಿತವನಲ್ಲ. ಪಲ್ಲವಿಗೆ ತೊಡೆಯ ಮೇಲೆ ತಾಳ ಹಾಕುತ್ತಾನೆ, ಆಲಾಪನೆಯ ಮೊದಲ ಎಳೆಯಲ್ಲೇ ರಾಗವನ್ನು ಗುರುತಿಸಿ ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ, ಅದು ತಪ್ಪಾದರೆ ನಾಚುತ್ತಾನೆ. ಎಡುಪಿಗೆ ಸರಿಯಾಗಿ ಸ್ವರ ಬಂದು ಕೂತಾಗ ಭೇಷ್ ಎನ್ನುತ್ತಾನೆ. ಕಛೇರಿ ಮುಗಿದ ಮೇಲೆ ಗೆಳೆಯರ ಗುಂಪಿನಲ್ಲಿ ನಡೆದು ಹೋಗುತ್ತಾ ವಾದ ಮಾಡುತ್ತಾನೆ. ಆ ವಾದ ಮರುದಿನ ಬೆಳಿಗ್ಗೆ ಕಾಫಿಯ ಜೊತೆಗೆ ಮುಂದುವರಿಯುತ್ತದೆ. ಮೂವರು ಪಿಟೀಲು ವಾದಕರಲ್ಲಿ ಯಾರು ಮೇಲು ಎಂಬುದು ಆ ಕಾಲದ ಮುಗಿಯದ ಚರ್ಚೆ. ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ನಯ, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರ ಮಾಧುರ್ಯ, ಚೌಡಯ್ಯನವರ ಗಾಂಭೀರ್ಯ ಇವುಗಳಿಗೆ ಪ್ರತ್ಯೇಕ ಅಭಿಮಾನಿ ಬಳಗಗಳೇ ಇದ್ದವು.

ಹಿಂದಿನ ಸಾಲಿಗೆ ಕೇಳದ ನಾದ

ಈ ಬಗೆಯ ರಸಿಕರ ಸಂಖ್ಯೆ ಹೆಚ್ಚಿದಂತೆಲ್ಲ ಒಂದು ತೊಡಕು ಕಾಣಿಸಿಕೊಂಡಿತು. ಮನೆಯ ಪಡಸಾಲೆಗೂ ಅರಮನೆಯ ತೊಟ್ಟಿಗೂ ಸಾಕಾಗುತ್ತಿದ್ದ ಪಿಟೀಲಿನ ನಾದ, ನೂರಾರು ಜನ ಕೂಡುವ ಚಪ್ಪರದ ಕೊನೆಯನ್ನು ಮುಟ್ಟುತ್ತಿರಲಿಲ್ಲ. ಧ್ವನಿವರ್ಧಕ ಇನ್ನೂ ಕಛೇರಿಗಳಿಗೆ ಬಂದಿರಲಿಲ್ಲ. ಗಾಯಕರ ಕಂಠವೂ ಮೃದಂಗದ ಘಾತವೂ ಹೇಗೋ ದೂರ ಸಾಗುತ್ತಿದ್ದವು. ಅವುಗಳ ನಡುವೆ ಪಿಟೀಲು ಮುಂದಿನ ಸಾಲಿನವರ ಸೊತ್ತಾಗಿ ಉಳಿಯುತ್ತಿತ್ತು. ಹಿಂದೆ ಕುಳಿತವರಿಗೆ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ನಾದ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಪಕ್ಕವಾದ್ಯಗಾರರಾಗಿ ಆಗಲೇ ಹೆಸರು ಮಾಡಿದ್ದ ಚೌಡಯ್ಯನವರು ಇದನ್ನು ಹೇಗೋ ನಡೆದುಕೊಂಡು ಹೋಗುವ ಸಂಗತಿಯೆಂದು ಬಿಟ್ಟುಬಿಡಬಹುದಿತ್ತು. ಮುಂದಿನ ಸಾಲಿನಲ್ಲಿ ಕೂರುವವರೇ ಸಂಭಾವನೆ ಕೊಡುವವರು, ಬಿರುದು ಕೊಡುವವರು. ಆದರೆ ಅವರು ಹಿಂದಿನ ಸಾಲಿನ ಕೊರತೆಯನ್ನು ತಮ್ಮ ವಾದ್ಯದ ಕೊರತೆಯೆಂದು ಪರಿಗಣಿಸಿದರು. ನಾನಾ ಪ್ರಯೋಗಗಳ ನಂತರ ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. 1927ರ ಹೊತ್ತಿಗೆ ಈ ಏಳು ತಂತಿಯ ಪಿಟೀಲು ಕಛೇರಿಗಳಲ್ಲಿ ಕೇಳಿಬರತೊಡಗಿತು. ಒಂದೇ ಕಮಾನಿಗೆ ಜೋಡಿ ತಂತಿಗಳು ಒಟ್ಟಿಗೆ ಮಿಡಿದಾಗ ನಾದ ಇಮ್ಮಡಿ ತುಂಬಿಕೊಂಡಿತು.

ತಂತಿ ಸೇರಿಸುವುದು ಹೇಳಿದಷ್ಟು ಸುಲಭವಲ್ಲ. ತಂತಿ ಹೆಚ್ಚಿದಷ್ಟೂ ಕುದುರೆಯ ಮೇಲೆ, ಮರದ ತೆಳು ಹಲಗೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಒಂದು ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಎರಡರಲ್ಲೂ ಸ್ವರ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಒಂದರ ಶ್ರುತಿ ಇಳಿದರೆ ಎರಡೂ ಕೆಟ್ಟಂತೆ. ನಾಲ್ಕು ತಂತಿಯಲ್ಲಿ ಮರೆಯಾಗಬಹುದಾದ ಸಣ್ಣ ತಪ್ಪು ಇಲ್ಲಿ ಬಯಲಾಗುತ್ತದೆ. ಅಂದರೆ ಕೇಳುಗರಿಗೆ ಅನುಕೂಲ ಮಾಡಿಕೊಡಲು ವಾದಕರು ತಮ್ಮ ಕಷ್ಟವನ್ನು ಹೆಚ್ಚಿಸಿಕೊಂಡಿದ್ದರು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಸಂಪ್ರದಾಯವಾದಿಗಳಿಗೆ ಇದು ವಾದ್ಯದ ಸಹಜ ಸೌಂದರ್ಯಕ್ಕೆ ತಂದ ಭಂಗವಾಗಿ ಕಂಡಿತು. ಪಕ್ಕವಾದ್ಯ ಗಾಯಕರನ್ನು ಮೀರಬಾರದೆಂಬ ಆಕ್ಷೇಪವೂ ಸಹಜವಾಗಿಯೇ ಬಂದಿತು. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ತುಂಬಿದ ನಾದಕ್ಕೆ ತಕ್ಕ ವಿವೇಕವಿಲ್ಲದಿದ್ದರೆ ಕಛೇರಿ ಕೆಡುತ್ತದೆ. ಚೌಡಯ್ಯನವರ ಪಾಲಿಗೆ ಉತ್ತರ ಕೊಟ್ಟದ್ದು ಕೇಳುಗರು. ಚೆಂಬೈ ವೈದ್ಯನಾಥ ಭಾಗವತರ ಘನವಾದ ಕಂಠಕ್ಕೆ ಚೌಡಯ್ಯನವರ ಏಳು ತಂತಿ, ಅದಕ್ಕೆ ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಕೂಡಿದ ಕಛೇರಿಯೆಂದರೆ ಜನ ಕಿಕ್ಕಿರಿಯುತ್ತಿದ್ದರು. ಕೊಳಲಿನ ಮೃದು ನಾದದ ಟಿ.ಆರ್. ಮಹಾಲಿಂಗಂ ಅವರಿಗೂ ಇದೇ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು ಎಂಬುದನ್ನು ನೆನೆದರೆ, ಅವರ ಕೈಯಲ್ಲಿ ನಾದದ ಬಲದೊಂದಿಗೆ ಹಿಡಿತವೂ ಇತ್ತೆಂದು ತಿಳಿಯುತ್ತದೆ.

ಬೆಳ್ಳಿತೆರೆಯ ಮೇಲೂ ಕಛೇರಿ

ಬಿಡಾರಂ ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. 1939ರಲ್ಲಿ ಚೌಡಯ್ಯನವರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಸಂಗೀತರತ್ನ ಎಂಬ ಬಿರುದು ಅವರ ಹೆಸರಿನೊಂದಿಗೆ ಬೆರೆತೇ ಹೋಯಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಪಾಠ ಹೇಳುವ ಏರ್ಪಾಡನ್ನೂ ಮಾಡಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಅವರ ಶಿಷ್ಯರಾಗಿ ಹೆಸರು ಪಡೆದರು. ಕನ್ನಡ, ತೆಲುಗು ಮತ್ತು ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳು ಐವತ್ತನ್ನು ಮೀರುತ್ತವೆ.

ಸಂಗೀತವನ್ನು ಇನ್ನಷ್ಟು ಜನರ ಬಳಿಗೆ ಒಯ್ಯುವ ಹಂಬಲ ಅವರನ್ನು ಚಲನಚಿತ್ರದತ್ತಲೂ ಸೆಳೆಯಿತು. 1943ರಲ್ಲಿ ಅವರು ನಿರ್ಮಿಸಿದ ವಾಣಿ ಚಿತ್ರವನ್ನು ರಂಗಭೂಮಿಯ ಕೆ. ಹಿರಣ್ಣಯ್ಯನವರು ನಿರ್ದೇಶಿಸಿದರು. ಮುಂದೆ ದಕ್ಷಿಣದ ಚಿತ್ರರಂಗದಲ್ಲಿ ಖ್ಯಾತರಾದ ಪಂಡರಿಬಾಯಿಯವರ ಮೊದಲ ಚಿತ್ರ ಅದು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ಬಂದು ಆಗ ಇನ್ನೂ ಒಂಬತ್ತೇ ವರ್ಷಗಳಾಗಿದ್ದವು. ಅಂತಹ ಕಾಲದಲ್ಲಿ ಪಿಟೀಲು ವಿದ್ವಾಂಸರೊಬ್ಬರು ಚಿತ್ರ ನಿರ್ಮಿಸಿ, ಅದರಲ್ಲಿ ಚೆಂಬೈಯವರ ಕಛೇರಿಯ ದೃಶ್ಯವನ್ನು ಅಳವಡಿಸಿದ್ದು ಸಾಮಾನ್ಯ ಸಂಗತಿಯಲ್ಲ. ಕಛೇರಿಗೆ ಬರಲಾರದ ಊರಿನವರೂ ಟೆಂಟಿನಲ್ಲಿ ಕುಳಿತು ಸಂಗೀತ ಕೇಳಬಹುದೆಂಬ ದಾರಿ ಅದರಿಂದ ತೆರೆಯಿತು. ಏಳು ತಂತಿ ಜೋಡಿಸುವಾಗ ಕಣ್ಣ ಮುಂದಿದ್ದ ಅದೇ ಕಡೆಯ ಸಾಲು ಇಲ್ಲಿ ಇನ್ನೂ ಹಿಂದಕ್ಕೆ, ಹಳ್ಳಿಗಳವರೆಗೆ ಚಾಚಿಕೊಂಡಿತ್ತು.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಗೌರವವನ್ನು ನೀಡಿತು. ಮುತ್ತಯ್ಯ ಭಾಗವತರು ಮತ್ತು ವಾಸುದೇವಾಚಾರ್ಯರ ನಂತರ ಮೈಸೂರು ಆಸ್ಥಾನದ ಹಿರಿಮೆಯನ್ನು ಆ ವೇದಿಕೆಯಲ್ಲಿ ಎತ್ತಿ ಹಿಡಿದವರು ತಿರುಮಕೂಡಲಿನ ಗೌಡರ ಮಗ. ಗಾಯಕರ ಬದಿಯಲ್ಲಿ ಕುಳಿತು ಬಾಳು ಸವೆಸಿದ ಪಕ್ಕವಾದ್ಯಗಾರರಿಗೆ ಸಮ್ಮೇಳನದ ಅಧ್ಯಕ್ಷ ಪೀಠ ಸಂದಿತ್ತು.

ರಸಿಕರು ತೀರಿಸಿದ ಋಣ

1967ರ ಜನವರಿ 19ರಂದು ಚೌಡಯ್ಯನವರು ನಿಧನರಾದರು. ಆ ವೇಳೆಗೆ ಧ್ವನಿವರ್ಧಕ ಎಲ್ಲ ಸಭೆಗಳಲ್ಲೂ ನೆಲೆಯೂರಿತ್ತು. ಹಿಂದಿನ ಸಾಲಿಗೆ ನಾದವನ್ನು ಮುಟ್ಟಿಸಲು ಹೆಚ್ಚಿನ ತಂತಿ ಬೇಕಿರಲಿಲ್ಲ, ಒಂದು ಗುಂಡಿ ತಿರುಗಿಸಿದರೆ ಸಾಕಿತ್ತು. ಪಿಟೀಲು ಕಲಿಯುವವರು ಮತ್ತೆ ನಾಲ್ಕು ತಂತಿಗೇ ಮರಳಿದರು. ಏಳು ತಂತಿಯ ವಾದ್ಯ ಅದನ್ನು ಕಂಡುಕೊಂಡವರ ಹೆಸರಿನೊಂದಿಗೇ ಉಳಿದುಕೊಂಡಿತು. ಬಾಳಿನ ದೊಡ್ಡ ಪ್ರಯೋಗವೊಂದು ಕಾಲಕ್ಕೆ ಬೇಡವಾಯಿತಲ್ಲ ಎಂದು ಕೊರಗಬಹುದಾದ ಸಂದರ್ಭ ಇದು.

ಆದರೆ ಕೇಳುಗರು ಮರೆಯಲಿಲ್ಲ. ಚೌಡಯ್ಯನವರ ಅಭಿಮಾನಿಯಾಗಿದ್ದ ಕೆ.ಕೆ. ಮೂರ್ತಿಯವರು ಅಕಾಡೆಮಿ ಆಫ್ ಮ್ಯೂಸಿಕ್ ಮೂಲಕ ಬೆಂಗಳೂರಿನಲ್ಲಿ ಅವರಿಗೊಂದು ಸ್ಮಾರಕ ನಿರ್ಮಿಸಲು ಹೊರಟರು. ಪ್ರತಿಮೆಯೋ ರಸ್ತೆಯ ನಾಮಫಲಕವೋ ಸುಲಭದ ದಾರಿಯಾಗಿತ್ತು. ಅದರ ಬದಲು ಏಳು ತಂತಿಯ ಪಿಟೀಲನ್ನೇ ಕಟ್ಟಡವಾಗಿಸುವ ಸಾಹಸ ನಡೆಯಿತು. ಕುದುರೆ, ತಂತಿ, ಬಿರಡೆ, ಕಮಾನು ಎಲ್ಲವೂ ಆ ವಿನ್ಯಾಸದಲ್ಲಿ ರೂಪ ಪಡೆದವು. 1980ರಲ್ಲಿ ಸಾವಿರಕ್ಕೂ ಹೆಚ್ಚು ಜನ ಕುಳಿತು ಕೇಳಬಹುದಾದ ಆ ಭವನ ತೆರೆಯಿತು. ಚೌಡಯ್ಯನವರ ಹೆಸರಿನಲ್ಲಿ ರಾಜ್ಯ ಸರ್ಕಾರವೂ ಸಂಗೀತಗಾರರಿಗೆ ಪ್ರಶಸ್ತಿಯನ್ನು ಸ್ಥಾಪಿಸಿತು. ಕಡೆಯ ಸಾಲಿನವರಿಗೂ ಕೇಳಲೆಂದು ವಾದ್ಯವನ್ನು ಬದಲಾಯಿಸಿದವರಿಗೆ ಕೇಳುಗರು ಕೊಡಬಹುದಾಗಿದ್ದ ಕಾಣಿಕೆಗಳಲ್ಲಿ, ಕಡೆಯ ಸಾಲಿಗೂ ನಾದ ಮುಟ್ಟುವ ಸಭಾಂಗಣಕ್ಕಿಂತ ತಕ್ಕದ್ದು ಇನ್ನೊಂದಿರಲಾರದು.

ಇಂದು ಸಂಗೀತ ಕೇಳುವುದು ಬಹಳ ಸುಲಭ. ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಸಾಧನದಲ್ಲಿ ಪ್ರತಿಯೊಬ್ಬರೂ ಮೊದಲ ಸಾಲಿನಲ್ಲೇ ಕುಳಿತಿದ್ದಾರೆ, ಆದರೆ ಒಬ್ಬೊಬ್ಬರೇ ಕುಳಿತಿದ್ದಾರೆ. ತಾಳ ತಪ್ಪಿದರೆ ನಗುವ ಗೆಳೆಯನಿಲ್ಲ, ರಾಗದ ಹೆಸರಿಗೆ ಜಗಳವಾಡುವ ನೆರೆಯವನಿಲ್ಲ. ಚೌಡಯ್ಯನವರ ಕಾಲದ ರಸಿಕರು ಸಂಗೀತಗಾರರನ್ನು ಮೆಚ್ಚಿದ್ದಷ್ಟೇ ಅಲ್ಲ, ಚಪ್ಪರ ಹಾಕಿದರು, ಚಂದಾ ಎತ್ತಿದರು, ಚರ್ಚಿಸಿದರು, ಕೊನೆಗೆ ಭವನವನ್ನೂ ಕಟ್ಟಿದರು. ಕೇಳುವವರ ಆ ಒತ್ತಾಯವಿಲ್ಲದಿದ್ದರೆ ಪಿಟೀಲಿಗೆ ಐದನೆಯ ತಂತಿಯೂ ಬರುತ್ತಿರಲಿಲ್ಲವೇನೋ.

ನಂಜನಗೂಡನ್ನು ದಾಟಿ ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ತನ್ನ ಹೆಸರನ್ನು ಬಿಟ್ಟುಕೊಡುತ್ತಾಳೆ. ಅಲ್ಲಿಂದ ಮುಂದೆ ನದಿ ಕಾವೇರಿಯೆಂದೇ ಹರಿಯುತ್ತದೆ, ಹರಿವು ಮಾತ್ರ ಎರಡೂ ನದಿಗಳದು. ಗಾಯಕರ ಹೆಸರಿನಲ್ಲಿ ನಡೆಯುವ ಕಛೇರಿಗೆ ತಮ್ಮ ನಾದವನ್ನು ಧಾರೆಯೆರೆದ ಪಕ್ಕವಾದ್ಯಗಾರರೊಬ್ಬರು ಆ ಸಂಗಮದಲ್ಲಿ ಹುಟ್ಟಿದ್ದರು. ಮುಂದಿನ ಬಾರಿ ಆ ಪಿಟೀಲು ಭವನದ ಹಿಂದಿನ ಸಾಲಿನಲ್ಲಿ ಟಿಕೆಟ್ ದೊರೆತರೆ ಬೇಸರಿಸಬೇಕಾಗಿಲ್ಲ. ಚೌಡಯ್ಯನವರು ಏಳು ತಂತಿ ಬಿಗಿದದ್ದು ಅಲ್ಲಿ ಕುಳಿತವರಿಗಾಗಿಯೇ.